ಮುಚ್ಚಿದ ಬಾಗಿಲ ಹಿಂದಿನ ಮಾತಿಗೆ ದಾಖಲೆ ಎಲ್ಲಿ?

2012ರಲ್ಲಿ ಕರ್ನಾಟಕ ಹೈಕೋರ್ಟ್‌ನಲ್ಲಿ ನಡೆದ ವೈವಾಹಿಕ ಪ್ರಕರಣವೊಂದರ ವಿಚಾರಣೆ ದೇಶದ ಗಮನ ಸೆಳೆಯಿತು. ಗಂಡ ಹೊಡೆಯುತ್ತಾನೆಂದು ದೂರಿದ್ದ ಪತ್ನಿಗೆ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರು, ಎಲ್ಲ ಮದುವೆಗಳಲ್ಲೂ ಹೆಣ್ಣು ಕಷ್ಟಪಡುತ್ತಾಳೆ, ಗಂಡನ ವ್ಯಾಪಾರ ಚೆನ್ನಾಗಿದೆ, ನೋಡಿಕೊಳ್ಳುತ್ತಾನೆ ಎಂಬರ್ಥದ ಮಾತನ್ನಾಡಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅವರ ಪದಚ್ಯುತಿ ಕೋರಿ ಸಹಿ ಸಂಗ್ರಹವೂ ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಹೈಕೋರ್ಟ್‌ನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಮಹಿಳಾ ವಕೀಲರೊಬ್ಬರಿಗೆ ಆಡಿದ ಮಾತು ನೇರಪ್ರಸಾರದ ಮೂಲಕ ಹೊರಬಂದಾಗ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಮಧ್ಯಪ್ರವೇಶಿಸಿತು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ ಪ್ರಕರಣ ಮುಕ್ತಾಯವಾಯಿತು.

ಮೊದಲ ಸಂದರ್ಭದಲ್ಲಿ ವರದಿಗಾರರಿದ್ದರು, ಎರಡನೆಯದರಲ್ಲಿ ಕ್ಯಾಮೆರಾ ಇತ್ತು. ನಾನು ವಾಸಿಸುವ ಜಯನಗರಕ್ಕೆ ಸಮೀಪದಲ್ಲೇ ಇರುವ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಇವೆರಡೂ ಇಲ್ಲ. ಹಿಂದೂ ವಿವಾಹ ಕಾಯಿದೆಯ 22ನೇ ಕಲಮಿನಂತೆ ಅಲ್ಲಿ ವಿಚಾರಣೆ ಗೋಪ್ಯವಾಗಿ ನಡೆಯಬೇಕು. ನೇರಪ್ರಸಾರದ ನಿಯಮಗಳೂ ವೈವಾಹಿಕ ವ್ಯಾಜ್ಯಗಳನ್ನು ಹೊರಗಿಟ್ಟಿವೆ. ಸಂಸಾರದ ನೋವು ಬೀದಿಗೆ ಬರಬಾರದೆಂಬ ಈ ಕಾಳಜಿ ಸರಿಯಾದದ್ದೇ. ಆದರೆ ಅದೇ ಗೋಪ್ಯತೆಯಿಂದಾಗಿ, ನ್ಯಾಯಾಧೀಶರು ಒಂದು ಕಡೆಗೆ ವಾಲುತ್ತಿದ್ದಾರೆಂಬ ಅನುಮಾನ ಹುಟ್ಟಿದ ಕಕ್ಷಿದಾರರಿಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಬನಶಂಕರಿ, ಜೆ.ಪಿ. ನಗರಗಳ ಪರಿಚಿತರಿಂದ ನಾನು ಈ ಅನುಮಾನವನ್ನು ಎರಡೂ ಬಗೆಯಲ್ಲಿ ಕೇಳಿದ್ದೇನೆ. ‘ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ಹೆಣ್ಣಿಗೆ ತೀರ್ಪಿನಂತೆ ಕೇಳಿಸುತ್ತದೆ. ಜೀವನಾಂಶದ ಆದೇಶ ಬಂದೊಡನೆ ಗಂಡಿಗೆ ಕಾನೂನೇ ತನ್ನ ವಿರುದ್ಧವೆನಿಸುತ್ತದೆ. ರಾಜಿಗೆ ಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ. ಪ್ರತಿಕೂಲ ಆದೇಶವೂ ತನ್ನಷ್ಟಕ್ಕೆ ಪಕ್ಷಪಾತವಲ್ಲ. ಹಾಗೆಂದು ಎಲ್ಲ ಅನುಮಾನವನ್ನೂ ಸೋತವರ ಗೊಣಗಾಟವೆಂದು ತಳ್ಳಿಹಾಕಲಾಗದು. ರಂಜಿತ್ ಠಾಕೂರ್ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನ್ಯಾಯಾಧೀಶರು ‘ನಾನು ನಿಷ್ಪಕ್ಷಪಾತಿಯೇ’ ಎಂದು ತಮ್ಮನ್ನು ಕೇಳಿಕೊಂಡರೆ ಸಾಲದು, ಎದುರಿಗಿರುವ ಕಕ್ಷಿದಾರರ ಮನಸ್ಸನ್ನು ನೋಡಬೇಕು.

ಅನುಮಾನ ಬಂದವರು ಮಾಡಬೇಕಾದುದೇನು? ಕೂಗಾಡುವುದಂತೂ ಅಲ್ಲ, ಬೇಸತ್ತು ಸಿಕ್ಕಿದ ರಾಜಿಪತ್ರಕ್ಕೆ ಸಹಿ ಹಾಕುವುದೂ ಅಲ್ಲ. ಅನುಮಾನಕ್ಕೆ ಕಾಗದದ ರೂಪ ಕೊಡಬೇಕು. ಸಾಕ್ಷ್ಯ ನೀಡಲು ಅವಕಾಶ ಸಿಗಲಿಲ್ಲವೆಂದರೆ ಅದೇ ದಿನ ಲಿಖಿತ ಮೆಮೊ ಸಲ್ಲಿಸಿ, ಆರ್ಡರ್ ಶೀಟಿನ ದೃಢೀಕೃತ ಪ್ರತಿ ಪಡೆಯಬೇಕು. ಸಕಾರಣವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಪ್ರಕರಣದ ವರ್ಗಾವಣೆ ಕೋರಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲವೆಂಬುದು ನೆನಪಿರಲಿ. ತೀರ್ಪಿನ ದೋಷಕ್ಕೆ ಹೈಕೋರ್ಟಿನಲ್ಲಿ ಮೇಲ್ಮನವಿಯಿದೆ. ನಡತೆಯ ಕುರಿತ ದೂರಿಗೆ ಹೈಕೋರ್ಟಿನ ಜಾಗೃತ ವಿಭಾಗವಿದೆ. ದೂರು ಕೊಟ್ಟರೆ ನ್ಯಾಯಾಂಗ ನಿಂದನೆಯಾದೀತೆಂಬ ಭಯ ಹಲವರಿಗಿದೆ. ಅಧೀನ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಹೇಳಿಕೊಂಡದ್ದು ನಿಂದನೆಯಲ್ಲವೆಂದು 1971ರ ನ್ಯಾಯಾಂಗ ನಿಂದನೆ ಕಾಯಿದೆಯ 6ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಆರ್ಡರ್ ಶೀಟಿನಲ್ಲಿ ದಾಖಲಾಗುವುದು ಆದೇಶವೇ ಹೊರತು ಆಡಿದ ಮಾತಲ್ಲ. ಆದ್ದರಿಂದ ಕೌಟುಂಬಿಕ ನ್ಯಾಯಾಲಯಗಳ ಕಲಾಪದ ಧ್ವನಿಮುದ್ರಣವಾಗಬೇಕೆಂಬುದು ನನ್ನ ಆಗ್ರಹ. ಅದು ಪ್ರಸಾರಕ್ಕಲ್ಲ; ಮೊಹರಿನಡಿ ಇದ್ದು, ದೂರು ಬಂದಾಗ ಮೇಲಿನ ನ್ಯಾಯಾಲಯವಷ್ಟೇ ಅದನ್ನು ಕೇಳಲಿ. ಅದರಿಂದ ಕಕ್ಷಿದಾರರಿಗೆ ಸಾಕ್ಷಿ ಸಿಕ್ಕೀತು. ಸುಳ್ಳು ಆರೋಪದಿಂದ ಪ್ರಾಮಾಣಿಕ ನ್ಯಾಯಾಧೀಶರಿಗೂ ರಕ್ಷಣೆ ದೊರೆತೀತು. ಗೋಪ್ಯತೆ ಇರಬೇಕಾದುದು ಕುಟುಂಬದ ಮಾನಕ್ಕಾಗಿ. ನ್ಯಾಯಪೀಠದ ಮಾತನ್ನು ಪರಿಶೀಲನೆಯಿಂದ ಮರೆಮಾಡುವುದಕ್ಕಲ್ಲ.