ಹಲ್ಲಿನ ಬೇರಿನೊಳಗೆ ತಿರುಗುವ ಸೂಜಿ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಮುಂಬಯಿ ಮಹಾನಗರಕ್ಕೆ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ನಮ್ಮವರ ಪಾಲಿಗಂತೂ ಇದು ಅಕ್ಷರಶಃ ನಿಜ. ಹಗಲು ದುಡಿಮೆ, ಸಂಜೆಯಾದರೆ ರಾತ್ರಿಶಾಲೆ. ನಡುವೆ ಹಲ್ಲುನೋವು ಬಂದರೆ ಒಂದು ಲವಂಗ, ಅದಕ್ಕೂ ಬಗ್ಗದಿದ್ದರೆ ಕೀಳಿಸಿಬಿಡುವುದು. ಹೀಗೆ ನಲ್ವತ್ತು ದಾಟುವುದರೊಳಗೆ ಅರ್ಧ ದವಡೆ ಖಾಲಿ ಮಾಡಿಕೊಂಡ ಅನೇಕರನ್ನು ನಾನು ಬಲ್ಲೆ.

ನಾನು ದಂತವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ಈ ವಿಷಯ ಬರೆಯಲು ಕಾರಣ ನನ್ನದೇ ಬಾಯಿ. 1999ರಲ್ಲಿ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡಿದ್ದೆ. ಐದು ಸಲ ರಜೆ ಹಾಕಿ ಹೋದದ್ದು ನೆನಪಿದೆ. ನೋವು ಹೋಯಿತು, ನಾನೂ ಮರೆತೆ. ಕ್ಯಾಪ್ ಹಾಕಿಸಲು ಹಣ ಹೊಂದಿಸಲಾಗದೆ ಹಾಗೆಯೇ ಬಿಟ್ಟೆ. ಕಳೆದ ವರ್ಷ ಅದೇ ಹಲ್ಲು ಊದಿಕೊಂಡಿತು. ಎಕ್ಸ್‌ರೇ ತೆಗೆದ ಯುವ ವೈದ್ಯೆ, ನಮ್ಮ ಊರ ಕಡೆಯವರೇ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಅಂಕಲ್, ಇಲ್ಲಿ ಬಿಳಿ ಗೆರೆ ಕಾಣುತ್ತದಲ್ಲ? ಇದು ಮುರಿದ ಫೈಲಿನ ತುಂಡು. ನಿಮಗೆ ಆಗ ಯಾರೂ ಹೇಳಲಿಲ್ಲವೇ?"

ಹೇಳಿರಲಿಲ್ಲ. ಇಪ್ಪತ್ತೈದು ವರ್ಷ ಆ ಲೋಹದ ಚೂರನ್ನು ಹೊತ್ತುಕೊಂಡೇ ನಾನು ಉಂಡಿದ್ದೆ. ಹಲ್ಲು ಉದ್ದಕ್ಕೂ ಸೀಳಿದ್ದರಿಂದ ಕೀಳಿಸಬೇಕಾಯಿತು. ಪಕ್ಕದ ಹಲ್ಲಿಗೂ ಹುಳುಕು ನರದವರೆಗೆ ಇಳಿದಿತ್ತು. ಅದನ್ನು ಮಾತ್ರ ಯಂತ್ರದ ಫೈಲಿನಿಂದ ಉಳಿಸಿಕೊಟ್ಟರು. ಆ ಎರಡು ಸಿಟ್ಟಿಂಗ್‌ಗಳಲ್ಲಿ ಕೇಳಿ ತಿಳಿದದ್ದನ್ನು, ಆಮೇಲೆ ಓದಿಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಹಲ್ಲಿನ ಬೇರಿನೊಳಗೆ ನರ, ರಕ್ತನಾಳಗಳಿರುವ ಸಣ್ಣ ಕಾಲುವೆಗಳಿವೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಅವು ನೇರವಾಗಿರುವುದು ಕಡಿಮೆ, ಹೆಚ್ಚಿನವು ಬಾಗಿರುತ್ತವೆ. ಕೊಳೆತ ನರವನ್ನು ತೆಗೆದು, ಗೋಡೆಯನ್ನು ಕೆರೆದು ಅಗಲಿಸಿ, ಔಷಧಿ ನೀರಿನಿಂದ ತೊಳೆದು, ಭದ್ರವಾಗಿ ತುಂಬುವುದೇ ರೂಟ್ ಕೆನಾಲ್ ಚಿಕಿತ್ಸೆ. ಕೆರೆಯುವ ಸೂಜಿಯಂಥ ಅರಕ್ಕೆ ಫೈಲ್ ಎನ್ನುತ್ತಾರೆ. 25ನೇ ನಂಬರಿನ ಫೈಲ್ ಎಂದರೆ ಅದರ ತುದಿಯ ದಪ್ಪ ಕಾಲು ಮಿಲಿಮೀಟರ್ ಮಾತ್ರ.

ಈ ಸಾಧನದ ಕತೆ ಹಳೆಯದು. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಎಂಬ ದಂತವೈದ್ಯರು ಗಡಿಯಾರದ ಸ್ಪ್ರಿಂಗನ್ನು ಉಜ್ಜಿ ಇಂಥ ಮೊದಲ ಸೂಜಿ ಮಾಡಿದರೆಂದು ಹೇಳುತ್ತಾರೆ. 1889ರಲ್ಲಿ ವಿಲಿಯಂ ರೋಲಿನ್ಸ್ ಸೂಜಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರು. ಮುರಿಯದಿರಲೆಂದು ವೇಗವನ್ನು ನಿಮಿಷಕ್ಕೆ 100 ಸುತ್ತಿಗೆ ಮಿತಿಗೊಳಿಸಿದರು. ಅಂದರೆ ಮುರಿಯುವ ಭಯ ಅಂದಿನಿಂದಲೂ ಇದೆ.

ಉಕ್ಕಿನ ಫೈಲಿನ ತೊಂದರೆಯೆಂದರೆ ಅದರ ಬಿಗಿತ. ಬಾಗಿದ ಕಾಲುವೆಯೊಳಗೆ ಹೋದರೂ ಅದು ನೆಟ್ಟಗಾಗಲು ಹವಣಿಸುತ್ತದೆ. ಹಾಗಾಗಿ ತುದಿಯ ಬಳಿ ಬಾಗಿನ ಹೊರಬದಿಯ ಗೋಡೆಯನ್ನು ಹೆಚ್ಚು ಕೊರೆಯುತ್ತದೆ. ಕಾಲುವೆ ದಾರಿ ತಪ್ಪುತ್ತದೆ, ಮೆಟ್ಟಿಲು ಬೀಳುತ್ತದೆ, ಒಮ್ಮೊಮ್ಮೆ ಬೇರಿಗೆ ತೂತೇ ಆಗುತ್ತದೆ. 1988ರಲ್ಲಿ ವಾಲಿಯಾ ಮತ್ತು ಸಂಗಡಿಗರು ನಿಕ್ಕಲ್-ಟೈಟಾನಿಯಂ ತಂತಿಯಿಂದ ಫೈಲ್ ಮಾಡಿ ಪರೀಕ್ಷಿಸಿದಾಗ, ಅದು ಉಕ್ಕಿಗಿಂತ ಎರಡು ಮೂರು ಪಟ್ಟು ಹೆಚ್ಚು ಬಳುಕುವುದು ಕಂಡುಬಂತು. ಬಾಗಿದ ಕಾಲುವೆಯಲ್ಲೂ ಫೈಲನ್ನು ಯಂತ್ರದಿಂದ ಸುತ್ತಿಸುವುದು ಸಾಧ್ಯವಾದದ್ದು ಈ ಲೋಹದಿಂದ.

ಹಾಗಿದ್ದರೂ ಇದು ಮುರಿಯದ ಲೋಹವೇನಲ್ಲ. ಮುರಿಯುವ ಬಗೆ ಎರಡು. ಒಂದು, ಬ್ಯಾಂಕಿನ ಲಾಕರ್ ಕೀ ಮುರಿದಂತೆ. ಕೀಯ ತುದಿ ಒಳಗೆ ಸಿಕ್ಕಿಕೊಂಡಾಗ ಹಿಡಿಯನ್ನು ಬಲವಾಗಿ ತಿರುಗಿಸಿದರೆ ನಡುವೆ ತಿರುಚಿ ತುಂಡಾಗುತ್ತದೆ. ಇನ್ನೊಂದು, ನೋಟಿನ ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದ ಕಾಲದಲ್ಲಿ ನಾವು ದಿನವೂ ಕಂಡದ್ದು. ಪಿನ್ನನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಬಲವೇ ಬೇಡ, ದಣಿದು ತಾನಾಗಿ ಮುರಿಯುತ್ತದೆ. ಬಾಗಿದ ಕಾಲುವೆಯಲ್ಲಿ ತಿರುಗುವ ಫೈಲಿನ ಒಂದೊಂದು ಬದಿಯೂ ಪ್ರತಿ ಸುತ್ತಿಗೆ ಒಮ್ಮೆ ಎಳೆದುಕೊಳ್ಳುತ್ತದೆ, ಒಮ್ಮೆ ಕುಗ್ಗುತ್ತದೆ. ನಿಮಿಷಕ್ಕೆ 300 ಸುತ್ತು ಎಂದರೆ 300 ಸಲ ಬಗ್ಗಿಸಿದಂತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇದಕ್ಕೊಂದು ಉಪಾಯ ತಿರುಗುವ ರೀತಿಯಲ್ಲೇ ಇತ್ತು. ಬಿಗಿಯಾದ ಲಾಕರನ್ನು ತೆರೆಯುವಾಗ ನಾವು ಕೀಯನ್ನು ಸ್ವಲ್ಪ ತಿರುಗಿಸಿ, ಸ್ವಲ್ಪ ಹಿಂದೆ ಬಿಟ್ಟು, ಮತ್ತೆ ತಿರುಗಿಸುವುದಿಲ್ಲವೇ? 1985ರಲ್ಲಿ ರೋನ್ ಎಂಬವರು ಕೈ ಫೈಲನ್ನು ಹೀಗೆ ಹಿಂದೆ ಮುಂದೆ ತಿರುಗಿಸುವ ಕ್ರಮವನ್ನು ಪ್ರಕಟಿಸಿದ್ದರು. 2008ರಲ್ಲಿ ಯಾರೆಡ್ ಎಂಬವರು ಯಂತ್ರದ ಒಂದೇ ಫೈಲಿನಿಂದ ಇದನ್ನು ಮಾಡಿ ತೋರಿಸಿದರು. 2011ರಲ್ಲಿ ಇದಕ್ಕೆಂದೇ ತಯಾರಾದ ಫೈಲುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲೊಂದಾದ ರೆಸಿಪ್ರಾಕ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 150 ಡಿಗ್ರಿ ತಿರುಗಿ ಕೆರೆಯುತ್ತದೆ, 30 ಡಿಗ್ರಿ ಹಿಂದಿರುಗಿ ಬಿಡಿಸಿಕೊಳ್ಳುತ್ತದೆ. ಉಳಿಯುವ ಲೆಕ್ಕ 120. ಮೂರು ಸಲಕ್ಕೆ ಒಂದು ಪೂರ್ತಿ ಸುತ್ತು. ತುದಿ ಸಿಕ್ಕಿಕೊಳ್ಳುವ ಮೊದಲೇ ಹಿಂದಿರುಗುವುದರಿಂದ ಫೈಲಿಗೆ ಶ್ರಮ ಕಡಿಮೆ, ಬಾಳಿಕೆ ಹೆಚ್ಚು.

ಹಾಗೆಂದು ಒಂದು ಚಲನೆ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎನ್ನುವಂತಿಲ್ಲ. ಬಳುಕುವ ಲೋಹವಾದರೆ ಎರಡೂ ರೀತಿಯಲ್ಲಿ ಕಾಲುವೆಯ ಬಾಗು ಚೆನ್ನಾಗಿಯೇ ಉಳಿಯುತ್ತದೆ. ಕೆರೆದ ಕೊಳೆಯನ್ನು ಬೇರಿನ ತುದಿಯಿಂದಾಚೆ ತಳ್ಳುವುದು ಯಾವುದರಲ್ಲಿ ಹೆಚ್ಚು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಮುಖ್ಯವಾದ ಸಂಗತಿ ಮತ್ತೊಂದಿದೆ. 2001ರ ಒಂದು ಸ್ಕ್ಯಾನ್ ಅಧ್ಯಯನದಲ್ಲಿ, ಯಾವ ವಿಧಾನ ಬಳಸಿದರೂ ಕಾಲುವೆಯ ಗೋಡೆಯ ಶೇಕಡಾ 35 ಅಥವಾ ಅದಕ್ಕೂ ಹೆಚ್ಚು ಭಾಗಕ್ಕೆ ಫೈಲ್ ತಾಗಿಯೇ ಇರಲಿಲ್ಲ. ಫೈಲ್ ದಾರಿ ಮಾಡಿಕೊಡುತ್ತದೆ ಅಷ್ಟೆ. ಉಳಿದ ಮೂಲೆಗಳನ್ನು ಶುಚಿಮಾಡುವುದು ಔಷಧಿ ನೀರು. ಆದ್ದರಿಂದ ಬೇಗ ಮುಗಿಸಿದರೆ ಸಾಲದು, ಚೆನ್ನಾಗಿ ತೊಳೆಯಲೂಬೇಕು.

ವೈದ್ಯೆ ಹೇಳಿದ ಇನ್ನೊಂದು ಮಾತನ್ನೂ ಬರೆಯಲೇಬೇಕು. "ಫೈಲ್ ಮುರಿಯುವುದು ಎಂಥ ನುರಿತವರ ಕೈಯಲ್ಲೂ ಆಗಬಹುದು ಅಂಕಲ್. ತುಂಡು ಉಳಿದರೂ ಕಾಲುವೆ ಶುಚಿಯಾಗಿದ್ದರೆ ಹಲ್ಲು ಬಾಳುತ್ತದೆ. ನಿಮ್ಮ ಹಲ್ಲು ಸೀಳಲು ತುಂಡೊಂದೇ ಕಾರಣವಲ್ಲ. ಕ್ಯಾಪ್ ಇರಲಿಲ್ಲವಲ್ಲ."

ತಪ್ಪಿನ ಅರ್ಧ ಪಾಲು ನನ್ನದೇ ಎಂದು ಆಗ ತಿಳಿಯಿತು. ಉಳಿದರ್ಧ, ಹೇಳದೆ ಮುಚ್ಚಿಟ್ಟವರದು. ಹೇಳಿದ್ದರೆ ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿ ಕಣ್ಣಿಡುತ್ತಿದ್ದೆ, ಸಾಲ ಮಾಡಿಯಾದರೂ ಕ್ಯಾಪ್ ಹಾಕಿಸುತ್ತಿದ್ದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಕೀಳಿಸುವ ಮೊದಲು ಉಳಿಸಲು ಸಾಧ್ಯವೇ ಎಂದು ಕೇಳಿ. ಫೈಲ್ ಹೊಸದೇ, ಮೊದಲು ಬಳಸಿದ್ದೇ ಎಂದು ಕೇಳಿ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತೀರಾ ಎಂದು ಕೇಳಿ. ನೋವು ಹೋಯಿತೆಂದು ನಡುವೆ ಬಿಡಬೇಡಿ. ದವಡೆ ಹಲ್ಲಿಗೆ ವೈದ್ಯರು ಕ್ಯಾಪ್ ಹೇಳಿದರೆ ಮುಂದೂಡಬೇಡಿ. ಮುಗಿದ ಮೇಲಿನ ಎಕ್ಸ್‌ರೇಯನ್ನು ಪಾಸ್‌ಬುಕ್ಕಿನಂತೆ ಜೋಪಾನವಾಗಿಡಿ. ಕೌಂಟರಿನಲ್ಲಿ ಹತ್ತು ರೂಪಾಯಿ ಲೆಕ್ಕ ತಪ್ಪಿದರೆ ನಮ್ಮನ್ನು ಬಿಡದೆ ಪ್ರಶ್ನಿಸುವ ನೀವು, ನಿಮ್ಮದೇ ಹಲ್ಲಿನ ಲೆಕ್ಕ ಕೇಳಲು ಸಂಕೋಚಪಡುವುದೇಕೆ?