ರಕ್ತನಾಳಕ್ಕೆ ಎಪ್ಪತ್ತು, ನಿಮಗೆ ಐವತ್ತೆಂಟೇ?

ಈಗೀಗ ಹೆಲ್ತ್ ಪ್ಯಾಕೇಜ್ ಮಾಡಿಸಿದವರ ಕೆಲವು ರಿಪೋರ್ಟುಗಳಲ್ಲಿ ಒಂದು ಹೊಸ ಸಾಲು ಕಾಣಿಸುತ್ತಿದೆ: ‘ರಕ್ತನಾಳಗಳ ವಯಸ್ಸು 70’. ನಿಮ್ಮ ವಯಸ್ಸು ಇನ್ನೂ 58. ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ಬಿಟ್ಟು ಮನೆಮಂದಿಯ ಕಣ್ಣು ಆ ಸಾಲಿನ ಮೇಲೇ ನಿಲ್ಲುತ್ತದೆ. ಕೆಲವರು ‘ಬ್ಲಾಕ್ ಆಗಿದೆಯಂತೆ’ ಎಂದು ನೆಂಟರಿಗೆಲ್ಲ ಫೋನ್ ಮಾಡುತ್ತಾರೆ. ಇನ್ನು ಕೆಲವರು ‘ವಯಸ್ಸಿಗೆ ತಕ್ಕಂತೆ ನಾರ್ಮಲ್’ ಎಂದು ಬರೆದಿದ್ದನ್ನು ನೋಡಿ ಬಿಪಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಎರಡೂ ತಪ್ಪು. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯಕಾರಿ.

ಮೊದಲು ಬ್ಲಾಕ್ ವಿಷಯ ಮುಗಿಸಿಬಿಡೋಣ. ನಾಳದ ಒಳಗೆ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುವುದು ಒಂದು ಕಾಯಿಲೆ. ನಾಳದ ಗೋಡೆ ತನ್ನ ಸ್ಥಿತಿಸ್ಥಾಪಕತ್ವ ಕಳೆದುಕೊಂಡು ಗಡುಸಾಗುವುದು ಬೇರೆ. ಎರಡೂ ಒಬ್ಬರಲ್ಲೇ ಇರಬಹುದು. ಆದರೆ ಈ ಪರೀಕ್ಷೆ ಅಳೆಯುವುದು ಗಡುಸುತನವನ್ನು ಮಾತ್ರ. ಎದೆನೋವು, ನಡೆದರೆ ಉಬ್ಬಸ ಇರುವವರು ಇದರಲ್ಲಿ ‘ನಾರ್ಮಲ್’ ಬಂತೆಂದು ಸಮಾಧಾನ ಪಡಬಾರದು.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮಹಾಧಮನಿ ತುಸು ಹಿಗ್ಗಿ ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಕುಗ್ಗಿ ಅದನ್ನು ಮುಂದಕ್ಕೆ ಕಳಿಸುತ್ತದೆ. ಹೃದಯ ನೂಕಿದ ರಭಸ ಹೀಗೆ ತಗ್ಗುವುದರಿಂದಲೇ ಮಿದುಳು, ಮೂತ್ರಪಿಂಡಗಳ ನವುರಾದ ನಾಳಗಳು ಉಳಿದುಕೊಳ್ಳುತ್ತವೆ. ಹಿಗ್ಗುವ ಗುಣ ಬರುವುದು ಎಲಾಸ್ಟಿನ್ ಎಂಬ ರಬ್ಬರಿನಂಥ ನಾರಿನಿಂದ. ಇದು ಬಹುಪಾಲು ತಯಾರಾಗುವುದು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ದೊಡ್ಡವರಾದ ಮೇಲೆ ಹರಿದ ನಾರಿಗೆ ಹೊಸದು ಬರುವುದಿಲ್ಲ ಎಂದೇ ಹೇಳಬೇಕು. ಅದರ ಭಾರವನ್ನು ಕೊಲಾಜನ್ ಎಂಬ ಬಿಗಿಯಾದ ನಾರು ಹೊರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಈ ನಾರುಗಳು ಒಂದಕ್ಕೊಂದು ಅಂಟಿಕೊಂಡು ಗೋಡೆ ಇನ್ನಷ್ಟು ಬೇಗ ಗಡುಸಾಗುತ್ತದೆ.

ನಮ್ಮ ಯುನಾನಿ ವೈದ್ಯರು ನಬ್ಜ್ ನೋಡುವಾಗ ಪರಿಗಣಿಸುವ ಹತ್ತು ಅಂಶಗಳಲ್ಲಿ ನಾಳದ ಗೋಡೆ ಮೆದುವೋ ಗಡುಸೋ ಎಂಬುದೂ ಒಂದು. ಇಬ್ನ್ ಸೀನಾ (980–1037) ಅವರ ‘ಅಲ್ ಕಾನೂನ್’ನಲ್ಲಿ ಇದರ ವಿವರಣೆಯಿದೆ. ಮುಪ್ಪಿನ ಮಿಜಾಜ್ ತಂಪು ಮತ್ತು ಒಣ ಎಂದು ನಾವು ಓದುತ್ತೇವೆ, ನಾಳದ ಗಡುಸುತನವನ್ನು ಆ ಶುಷ್ಕತೆಯೊಂದಿಗೆ ಸೇರಿಸಿ ನೋಡುತ್ತೇವೆ. ಆದರೂ ಒಂದು ಮಾತು ಹೇಳಲೇಬೇಕು. ಮಣಿಕಟ್ಟಿನ ನಾಳ ವಯಸ್ಸಿನೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ, ಬದಲಾಗುವುದು ಎದೆ-ಹೊಟ್ಟೆಯೊಳಗಿನ ಮಹಾಧಮನಿ. ಬೆರಳಿಗೆ ಅದು ಸಿಗದು. ಅದಕ್ಕೆ ಯಂತ್ರವೇ ಬೇಕು.

ಯಂತ್ರದ ಲೆಕ್ಕ ಸರಳ. ಪ್ರತಿ ಬಡಿತದೊಂದಿಗೆ ಒಂದು ಒತ್ತಡದ ಅಲೆ ನಾಳದ ಗೋಡೆಯುದ್ದಕ್ಕೂ ಓಡುತ್ತದೆ. ಗೋಡೆ ಗಡುಸಾದಷ್ಟೂ ಅಲೆಯ ವೇಗ ಹೆಚ್ಚು. ಕುತ್ತಿಗೆಯ ನಾಳದಲ್ಲಿ ಒಂದು ಕಡೆ, ತೊಡೆಸಂದಿಯ ನಾಳದಲ್ಲಿ ಒಂದು ಕಡೆ ಅಲೆ ಬಂದ ಹೊತ್ತನ್ನು ಹಿಡಿಯುತ್ತಾರೆ. ಎರಡರ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಅದರ ಶೇ. 80ರಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಈಗಿನ ರೂಢಿ. ಟೇಪು 60 ಸೆಂ.ಮೀ. ತೋರಿಸಿದರೆ ಲೆಕ್ಕಕ್ಕೆ 48. ಅಲೆ ಅಷ್ಟು ದೂರ ಹೋಗಲು ಸೆಕೆಂಡಿನ ಸಾವಿರದ 60 ಭಾಗ ಹಿಡಿದರೆ ವೇಗ ಸೆಕೆಂಡಿಗೆ 8 ಮೀಟರ್, 48 ಭಾಗ ಹಿಡಿದರೆ 10 ಮೀಟರ್. ಇಷ್ಟು ಸಣ್ಣ ವ್ಯತ್ಯಾಸ ನೋಡಿ! ಟೇಪು ಹೊಟ್ಟೆಯ ಬೊಜ್ಜಿನ ಮೇಲೆ ಬಾಗಿದರೂ ನಿಮ್ಮ ‘ನಾಳದ ವಯಸ್ಸು’ ಏರಿಬಿಡುತ್ತದೆ. ಗಡಿಬಿಡಿಯಲ್ಲಿ ಮೆಟ್ಟಿಲು ಹತ್ತಿ ಬಂದು ಕೂಡಲೇ ಮಲಗಿ ಅಳೆಸಿಕೊಂಡರೂ ಅಷ್ಟೆ. ಬಿಪಿ ಏರಿದ ಗಳಿಗೆಯಲ್ಲಿ ವೇಗವೂ ಏರುತ್ತದೆ. ಅಳೆಯುವ ಮೊದಲು ಕನಿಷ್ಠ 10 ನಿಮಿಷ ಸುಮ್ಮನೆ ಮಲಗಿರಬೇಕು, 3 ಗಂಟೆ ಮೊದಲಿನಿಂದ ಚಹಾ, ಕಾಫಿ, ಬೀಡಿ-ಸಿಗರೇಟು ಬೇಡ. ತೊಡೆಸಂದಿಯಲ್ಲಿ ಅಳೆಸಲು ಮುಜುಗರಪಡುವ ಸಹೋದರಿಯರು ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮುಂಚಿತವಾಗಿ ಕೇಳಿಕೊಳ್ಳಲಿ. ತೊಡೆಗೆ ಪಟ್ಟಿ ಸುತ್ತಿ ಅಳೆಯುವ ಯಂತ್ರಗಳೂ ಇವೆ.

ತೋಳಿಗೂ ಕಾಲಿನ ಗಿಣ್ಣಿನ ಮೇಲೂ ಪಟ್ಟಿ ಸುತ್ತಿ ಅಳೆಯುವುದು ಇನ್ನೊಂದು ವಿಧಾನ. ಜಪಾನಿನಲ್ಲಿ ಇದರ ಬಳಕೆ ಹೆಚ್ಚು. ಗೊಂದಲ ಹುಟ್ಟುವುದೂ ಇಲ್ಲೇ. ಕಾಲಿನ ನಾಳಗಳಲ್ಲಿ ಅಲೆ ಮೊದಲೇ ವೇಗವಾಗಿ ಓಡುವುದರಿಂದ ಈ ವಿಧಾನದ ಅಂಕೆ ಯಾವಾಗಲೂ ದೊಡ್ಡದು. ಇಲ್ಲಿ 14 ಬಂದರೆ ಅದನ್ನು ಕುತ್ತಿಗೆ-ತೊಡೆಯ 10ರ ಗಡಿಗೆ ಹೋಲಿಸಿ ಹೆದರಬೇಡಿ. ತೋಳು-ಗಿಣ್ಣಿನ ಲೆಕ್ಕದಲ್ಲಿ ಜಪಾನಿನ ವೈದ್ಯರು ಹೆಚ್ಚಿನ ಅಪಾಯ ಎನ್ನುವುದು 18 ಮುಟ್ಟಿದಾಗ. ಕೆಲವು ರಿಪೋರ್ಟುಗಳಲ್ಲಿ ಇದೇ 14 ಎಂಬುದು 1400 ಸೆಂ.ಮೀ. ಎಂದು ಬಂದಿರುತ್ತದೆ. ಆದ್ದರಿಂದ ರಿಪೋರ್ಟ್ ಕೈಗೆ ಬಂದ ಕೂಡಲೇ ‘ಯಾವ ವಿಧಾನದಲ್ಲಿ ಅಳೆದಿರಿ?’ ಎಂದು ಕೇಳಿ.

ಹಾಗಾದರೆ ನಾರ್ಮಲ್ ಎಷ್ಟು? 2010ರಲ್ಲಿ ಯುರೋಪಿನ 8 ದೇಶಗಳ 16 ಸಾವಿರಕ್ಕೂ ಹೆಚ್ಚು ಜನರ ಅಳತೆ ಸೇರಿಸಿ ಒಂದು ಪಟ್ಟಿ ಮಾಡಲಾಯಿತು. ಬಿಪಿ ಸರಿಯಾಗಿರುವವರಲ್ಲಿ ಕುತ್ತಿಗೆ-ತೊಡೆಯ ವೇಗ 30ರ ಒಳಗೆ ಸುಮಾರು 6 ಮೀಟರ್, ನಲವತ್ತರ ನಂತರ ಸುಮಾರು 7, ಅರವತ್ತರ ನಂತರ ಸುಮಾರು 9, ಎಪ್ಪತ್ತು ದಾಟಿದರೆ 10ಕ್ಕೂ ತುಸು ಹೆಚ್ಚು. ಇವು ಸರಾಸರಿ. ಒಂದೇ ವಯಸ್ಸಿನವರಲ್ಲೂ ಎರಡು ಮೂರು ಮೀಟರ್ ಹೆಚ್ಚು ಕಡಿಮೆ ಇರುತ್ತದೆ. ಹೀಗಿರುವಾಗ ‘ನಾಳದ ವಯಸ್ಸು 70’ ಎಂಬ ಖಚಿತ ಮಾತನ್ನು ನಾನು ಅಷ್ಟಾಗಿ ಮನ್ನಿಸುವುದಿಲ್ಲ.

ಈ ಪಟ್ಟಿಯ ಜೊತೆಗೆ ಎಲ್ಲ ವಯಸ್ಸಿಗೂ ಒಂದೇ ಆದ 10 ಮೀಟರಿನ ಗಡಿಯೂ ಇದೆ. ಅದನ್ನು ದಾಟಿದವರಿಗೆ ಹೃದಯಾಘಾತ, ಲಕ್ವದ ಅಪಾಯ ಹೆಚ್ಚು. ಅಂದರೆ 72ರ ಹಿರಿಯರೊಬ್ಬರಿಗೆ 10.5 ಬಂದರೆ ‘ವಯಸ್ಸಿಗೆ ನಾರ್ಮಲ್’ ಎಂಬುದೂ ನಿಜ, ಅಪಾಯ ಹೆಚ್ಚಿದೆ ಎಂಬುದೂ ನಿಜ. ಸರಾಸರಿ ಎಂದರೆ ಹೆಚ್ಚಿನವರು ಹೀಗಿದ್ದಾರೆ ಎಂದಷ್ಟೇ ಅರ್ಥ, ಆರೋಗ್ಯ ಎಂದಲ್ಲ. ಅಮೆಜಾನ್ ಕಾಡಿನ ಯನೊಮಾಮಿ ಬುಡಕಟ್ಟಿನವರ ಊಟದಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅವರ ರಕ್ತದೊತ್ತಡ ವಯಸ್ಸಿನೊಂದಿಗೆ ಏರುವುದೇ ಇಲ್ಲ. ನಾವು ‘ವಯಸ್ಸಿನ ದೋಷ’ ಎನ್ನುವುದರಲ್ಲಿ ಒಂದು ಪಾಲು ನಮ್ಮ ಉಪ್ಪಿನಕಾಯಿ, ಹಪ್ಪಳ, ಒಣಮೀನಿನದು.

ಯಂತ್ರವಿಲ್ಲದ ಊರಿನಲ್ಲಿ ಏನು ಮಾಡುವುದು? ಮನೆಯ ಬಿಪಿ ಮೆಷಿನ್ ಸಾಕಷ್ಟು ಹೇಳುತ್ತದೆ. ಐವತ್ತು-ಅರವತ್ತರ ನಂತರ ಮೇಲಿನ ಬಿಪಿ ಏರುತ್ತಾ, ಕೆಳಗಿನದು ಇಳಿಯುತ್ತಾ ಹೋಗುವುದು ನಾಳ ಗಡುಸಾಗುತ್ತಿರುವುದರ ಗುರುತು. ಅಬ್ಬಾ ಅವರಿಗೆ 150/80 ಇದ್ದರೆ ಅಂತರ 70. ಹಿರಿಯರಲ್ಲಿ ಈ ಅಂತರ ಮತ್ತೆ ಮತ್ತೆ 60 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ವೈದ್ಯರ ಗಮನಕ್ಕೆ ತನ್ನಿ. ‘ಕೆಳಗಿನದು ಚೆನ್ನಾಗಿದೆ’ ಎಂದು ಸುಮ್ಮನಿರಬೇಡಿ. ಎದ್ದು ನಿಂತಾಗ ತಲೆ ಸುತ್ತುವ ಹಿರಿಯರ ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡುವುದೂ ಬೇಡ.

ಗಡುಸಾದ ಮಹಾಧಮನಿಯನ್ನು ಮತ್ತೆ ಇಪ್ಪತ್ತರ ಹರೆಯಕ್ಕೆ ಒಯ್ಯುವುದಾಗಿ ಸಾಬೀತಾದ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ, ನನ್ನ ಬಳಿಯೂ ಇಲ್ಲ. ಬಿಪಿ ಹತೋಟಿ, ದಿನವೂ ಬಿರುಸಿನ ನಡಿಗೆ, ತಂಬಾಕು ಬಿಡುವುದು, ದಿನಕ್ಕೆ ಒಂದು ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಂ ಒಳಗೆ ಉಪ್ಪು: ಇವುಗಳಿಂದ ವೇಗ ಇಳಿಯಬಲ್ಲದು. ಹಕೀಮರ ಔಷಧ ಎಂದರೆ ನಿರಪಾಯ ಎಂದುಕೊಂಡವರಿಗೆ ಎರಡು ಮಾತು. ಕೆಮ್ಮಿಗೆಂದು ತಿಂಗಳುಗಟ್ಟಲೆ ಮುಲೇಠಿ, ಅಂದರೆ ಜ್ಯೇಷ್ಠಮಧು ಸೇವಿಸಿದರೆ ಬಿಪಿ ಏರುತ್ತದೆ. ಅಸ್ರೋಲ್, ಅಂದರೆ ಸರ್ಪಗಂಧ ಬಿಪಿ ಇಳಿಸುತ್ತದೆ ನಿಜ, ಆದರೆ ಆಸ್ಪತ್ರೆಯ ಮಾತ್ರೆಯೊಂದಿಗೆ ಗುಟ್ಟಾಗಿ ಸೇವಿಸಿದರೆ ಬಿಪಿ ವಿಪರೀತ ಕುಸಿಯಬಹುದು, ಮನಸ್ಸಿಗೆ ಖಿನ್ನತೆಯೂ ಬರಬಹುದು. ಏನು ಸೇವಿಸುತ್ತಿದ್ದೀರಿ ಎಂಬುದನ್ನು ಇಬ್ಬರು ವೈದ್ಯರಿಗೂ ಹೇಳಿ.

ನಾಳದ ಪರೀಕ್ಷೆಯನ್ನು ಮುಂದೆ ಮತ್ತೊಮ್ಮೆ ಮಾಡಿಸುವುದಾದರೆ ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ, ದಿನದ ಅದೇ ಹೊತ್ತಿನಲ್ಲಿ ಮಾಡಿಸಿ. ಹಳೆಯ ರಿಪೋರ್ಟನ್ನೂ ಅಂದಿನ ಬಿಪಿಯ ಅಂಕೆಯನ್ನೂ ಜೊತೆಗೆ ಒಯ್ಯಿರಿ.