ಸಹ್ಯಾದ್ರಿಯ ಬಡಗಣ ತುದಿ ಡಾಂಗ್

ಸೂರತ್‌ನ ಜವಳಿ ಪೇಟೆಯ ಗದ್ದಲ ಬಿಟ್ಟು ಆಗ್ನೇಯಕ್ಕೆ ಹೊರಟರೆ ಮೊದಲು ಸಿಗುವುದು ಕಬ್ಬಿನ ಗದ್ದೆ, ಮಾವು, ಚಿಕ್ಕು ತೋಟಗಳು. ವಘಯಿ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಎರಡೂ ಬದಿಗೆ ತೇಗ, ನಡುನಡುವೆ ಬಿದಿರ ಮೆಳೆ. ಜುಲೈ ತಿಂಗಳಾದರೆ ಗಾಜಿನ ಮೇಲೆ ಮಳೆ, ಮುಂದೆ ಮಂಜು. ಕಣ್ಣು ಮುಚ್ಚಿ ತೆರೆದ ಕನ್ನಡಿಗನಿಗೆ ಶಿರಸಿಗೋ ಆಗುಂಬೆಗೋ ಹೋಗುತ್ತಿದ್ದೇನೆ ಎನ್ನಿಸುತ್ತದೆ.

ಹಾಗೆ ಅನ್ನಿಸುವುದಕ್ಕೆ ಕಾರಣವಿದೆ. ನಾವು ನಮ್ಮದೆಂದು ಹೇಳಿಕೊಳ್ಳುವ ಸಹ್ಯಾದ್ರಿ ತಾಪಿ ಕಣಿವೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಹಬ್ಬಿದೆ. ಅದರ ಬಡಗಣ ತುದಿಯೇ ಗುಜರಾತಿನ ಡಾಂಗ್ ಜಿಲ್ಲೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮವರು ಮಳೆ ಹಿಡಿದಾಗ ಊರು ನೆನೆದು ಹಲುಬುವುದನ್ನು ಕೇಳಿದ್ದೇನೆ. ಅದೇ ಬೆಟ್ಟಸಾಲು ಸೂರತ್‌ನಿಂದ ಕೆಲವೇ ಗಂಟೆಗಳ ದಾರಿಯಲ್ಲಿದೆ.

ಮಳೆಯ ಕಾಡು, ಎಲೆಯುದುರುವ ಕಾಡು

ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಡಾಂಗಿನ ಪೂರ್ಣಾ ವನ್ಯಧಾಮದ ಸುತ್ತ ಸುಮಾರು 2,500 ಮಿ.ಮೀ. ಸುರಿಯುತ್ತದೆ. ಆದರೆ ಅಷ್ಟೂ ಮಳೆ ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಬಂದುಹೋಗುತ್ತದೆ. ಉಳಿದ ತಿಂಗಳು ನೆಲ ಒಣಗುವುದರಿಂದ ಕುದುರೆಮುಖದ ಶೋಲೆಗಳಂತೆ ಇಲ್ಲಿನ ಕಾಡು ವರ್ಷವಿಡೀ ಹಸಿರಾಗಿರುವುದಿಲ್ಲ. ಇದು ತೇವಭರಿತ ಎಲೆಯುದುರುವ ಕಾಡು. ಮಾರ್ಚ್ ಬಂತೆಂದರೆ ತೇಗ ಬೋಳಾಗಿ, ಮುತ್ತುಗ ಕೆಂಡದಂತೆ ಅರಳಿ, ಹಿಪ್ಪೆ ಹೂವಿನ ಸಿಹಿ ವಾಸನೆ ಹಳ್ಳಿಗಳನ್ನು ತುಂಬುತ್ತದೆ. ತೇಗ, ಮತ್ತಿ, ಬೀಟೆ, ಬಿದಿರು ಎಂದು ಎಣಿಸುತ್ತ ಹೋದರೆ ಯಲ್ಲಾಪುರ, ದಾಂಡೇಲಿಯ ಕಾಡಿನ ಪರಿಚಯವಿದ್ದವರಿಗೆ ಒಂದು ಮರವೂ ಹೊಸದಲ್ಲ.

160 ಚದರ ಕಿ.ಮೀ.ಗೂ ಮಿಗಿಲಾದ ಪೂರ್ಣಾ ವನ್ಯಧಾಮ ಘೋಷಣೆಯಾದದ್ದು 1990ರಲ್ಲಿ. ಪಕ್ಕದ ನವಸಾರಿ ಜಿಲ್ಲೆಗೆ ಸೇರಿದ ವಾಂಸದಾ ರಾಷ್ಟ್ರೀಯ ಉದ್ಯಾನ ಅಂಬಿಕಾ ನದಿಯ ಮಗ್ಗುಲಲ್ಲಿದೆ. ಬರೀ 24 ಚದರ ಕಿ.ಮೀ. ಇದ್ದರೂ ಅದರ ಒಳಗೆ ಬಿಸಿಲು ನೆಲ ಮುಟ್ಟದ ಜಾಗಗಳಿವೆ. ಹಿಂದೆ ವಾಂಸದಾ ಸಂಸ್ಥಾನದ ಅರಸರದಾಗಿದ್ದ ಈ ಕಾಡಿನಲ್ಲಿ 1952ರಿಂದ ಮರ ಕಡಿದಿಲ್ಲ. 1979ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಎರಡು ಆಳುದ್ದದ ಬಲೆ ನೇಯ್ದು ನಡುವೆ ಕೂರುವ ದೈತ್ಯ ಕಾಡುಜೇಡಗಳನ್ನು ನೋಡಲೆಂದೇ ಇಲ್ಲಿಗೆ ಬರುವವರಿದ್ದಾರೆ. ಚಿರತೆ, ಕೊಂಡುಕುರಿ, ಕಾಡುಕುರಿ, ಪುನುಗು ಬೆಕ್ಕುಗಳಿವೆ. ಹುಲಿ ಮಾತ್ರ ಕಳೆದ ಶತಮಾನದ ಕೊನೆಯ ಹೊತ್ತಿಗೆ ಡಾಂಗಿನಿಂದ ಮಾಯವಾಯಿತು. ಬೆಳಗಿನ ಜಾವ ಹಳ್ಳದ ಬದಿಯಲ್ಲಿ ನಿಂತರೆ ಸಿಳ್ಳಾರದ ಶಿಳ್ಳೆ ಕೇಳುತ್ತದೆ. ಬಾಲದ ಎರಡು ಗರಿ ತೇಲಿಸುತ್ತ ಭೀಮರಾಜ ಹಾರಿಹೋಗುತ್ತದೆ.

ಮರಳಿ ಸಿಕ್ಕ ಗೂಬೆ

ಈ ಕಾಡಿನ ದೊಡ್ಡ ಆಸ್ತಿ ಗೇಣುದ್ದದ ಒಂದು ಗೂಬೆ. ನಮ್ಮ ಊರುಗಳ ಹಾಲಕ್ಕಿಯ ಹತ್ತಿರದ ಸಂಬಂಧಿಯಾದ ಫಾರೆಸ್ಟ್ ಔಲೆಟ್ ಹಗಲಲ್ಲೇ ಕೂಗುತ್ತದೆ, ಹಗಲಲ್ಲೇ ಬೇಟೆಯಾಡುತ್ತದೆ. ತಲೆಯ ಮೇಲೆ ಚುಕ್ಕೆಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 1873ರಲ್ಲಿ ಪಕ್ಷಿತಜ್ಞ ಎ. ಓ. ಹ್ಯೂಮ್ ಇದನ್ನು ಮೊದಲು ವಿವರಿಸಿದರು. 1884ರ ನಂತರ ಯಾರ ಕೈಗೂ ಸಿಗದ ಹಕ್ಕಿಯನ್ನು 1914ರಲ್ಲಿ ಇದೇ ಸೀಮೆಯ, ತಾಪಿ ದಡದ ಮಾಂಡವಿಯಲ್ಲಿ ಹಿಡಿದೆನೆಂದು ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗೆನ್ ಹೇಳಿಕೊಂಡಿದ್ದ. ಅದು ಸುಳ್ಳು. ಸಂಗ್ರಹಾಲಯದಿಂದ ಕದ್ದ ಹಳೆಯ ಹಕ್ಕಿಗೆ ಹೊಸ ಚೀಟಿ ಕಟ್ಟಿದ್ದನೆಂದು ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ತೋರಿಸಿಕೊಟ್ಟರು. ಆ ಸುಳ್ಳನ್ನು ಬದಿಗಿಟ್ಟು, ನಿಜವಾದ ಹಳೆಯ ಗುರುತುಗಳನ್ನಷ್ಟೇ ನಂಬಿ ಹುಡುಕಿದ ಅವರ ತಂಡಕ್ಕೆ 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಹಕ್ಕಿ ಜೀವಂತವಾಗಿ ಸಿಕ್ಕಿತು, 113 ವರ್ಷಗಳ ಮೇಲೆ. ಮುಂದೆ ಪೂರ್ಣಾ ವನ್ಯಧಾಮದ ತೇಗದ ಮರಗಳಲ್ಲೂ ಅದು ಕಾಣಿಸಿಕೊಂಡಿತು. ಪೊಟರೆಯಿರುವ ಹಳೆಯ ಮರ ಉಳಿದಲ್ಲಿ ಮಾತ್ರ ಅದರ ಸಂಸಾರ.

ತೇಗಕ್ಕಾಗಿ ಬಂದವರು

ಆ ಹಳೆಯ ಮರಗಳೇ ಇಲ್ಲಿನ ಚರಿತ್ರೆಯನ್ನೂ ಬರೆದವು. ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಾಗಿ ಬ್ರಿಟಿಷರು 1842ರಲ್ಲಿ ಡಾಂಗಿನ ಭಿಲ್ ನಾಯಕರಿಂದ ಕಾಡನ್ನು ಗುತ್ತಿಗೆ ಪಡೆದರು. ಕಾಯ್ದಿಟ್ಟ ಅರಣ್ಯದ ಗೆರೆ ಎಳೆದಾಗ ಕಾಡಿನಲ್ಲೇ ಹುಟ್ಟಿದವರು ಅಲ್ಲಿ ಕೊಡಲಿ ಎತ್ತುವಂತಿರಲಿಲ್ಲ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡದ ರೈತರೂ ಇದೇ ನೋವು ಉಂಡವರು. ಕಾಡು ಕೊಟ್ಟ ಆ ಭಿಲ್ ನಾಯಕರ ಐದು ರಾಜಮನೆತನಗಳಿಗೆ ಸಲ್ಲುತ್ತಿದ್ದ ಗೌರವಧನ ಇಂದಿಗೂ ನಿಂತಿಲ್ಲ. ಹೋಳಿಗೆ ಮೊದಲು ಜಿಲ್ಲಾ ಕೇಂದ್ರ ಆಹ್ವಾದಲ್ಲಿ ನಡೆಯುವ ಡಾಂಗ್ ದರ್ಬಾರಿನಲ್ಲಿ ಅವರನ್ನು ಮೆರವಣಿಗೆ ಮಾಡಿ ಸರ್ಕಾರ ಅದನ್ನು ಒಪ್ಪಿಸುತ್ತದೆ. ಪಾವರಿ ವಾದ್ಯದ ನಾದಕ್ಕೆ ಊರಿಗೆ ಊರೇ ಕುಣಿಯುವ ದಿನಗಳವು.

ವಡೋದರಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1913ರಲ್ಲಿ, ಬಿಲಿಮೋರಾದಿಂದ ವಘಯಿಯವರೆಗೆ 63 ಕಿ.ಮೀ. ಕಿರುಹಳಿ ಬಿತ್ತು. ಕಾಡಿನ ಮರವನ್ನು ಬಯಲಿಗೆ ಇಳಿಸಿದ ಆ ಪುಟ್ಟ ರೈಲು ಈಗ ಬಯಲಿನ ಜನರನ್ನು ಕಾಡಿನ ಬಾಗಿಲಿಗೆ ತರುತ್ತದೆ. 2020ರಲ್ಲಿ ನಿಂತುಹೋಗಿದ್ದ ಓಡಾಟ 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಯಿತು.

ನಾಗಲಿಯೆಂಬ ರಾಗಿ

2011ರ ಜನಗಣತಿಯಂತೆ ಡಾಂಗಿನ 2,28,291 ಜನರಲ್ಲಿ ನೂರಕ್ಕೆ ತೊಂಬತ್ನಾಲ್ಕಕ್ಕೂ ಹೆಚ್ಚು ಮಂದಿ ಬುಡಕಟ್ಟಿನವರು: ಭಿಲ್, ಕೊಂಕಣಾ, ವಾರ್ಲಿ, ಗಾಮಿತ್, ಬಿದಿರು ಹೆಣೆಯುವ ಕೋಟವಾಳಿಯಾ. ಅವರು ಉಣ್ಣುವ ನಾಗಲಿ ನಮ್ಮ ರಾಗಿಯೇ. ಇಳಿಜಾರಿನ ತೆಳು ಮಣ್ಣಿನಲ್ಲಿ ಬೆಳೆದ ರಾಗಿಯನ್ನು ಕೈಯಲ್ಲೇ ತಟ್ಟಿ ರೊಟ್ಟಿ ಮಾಡಿ, ಉದ್ದಿನ ಬೇಳೆ, ಬೆಳ್ಳುಳ್ಳಿ ಚಟ್ನಿಯೊಂದಿಗೆ ಬಡಿಸುತ್ತಾರೆ. ಮಳೆಗಾಲದಲ್ಲಿ ಕಳಲೆಯ ಪಲ್ಯ. ಮಹಿಳಾ ಸಂಘಗಳು ನಡೆಸುವ ‘ನಾಹರಿ’ ಊಟದ ಮನೆಗಳಲ್ಲಿ ಇವೆಲ್ಲ ಸಿಗುತ್ತವೆ. ಮಂಡ್ಯದವರೂ ಮಲೆನಾಡಿನವರೂ ಒಂದೇ ಪಂಕ್ತಿಯಲ್ಲಿ ಕೂತು ತಮ್ಮ ತಮ್ಮ ಮನೆಯ ರುಚಿ ಕಾಣಬಹುದಾದ ತಟ್ಟೆ ಅದು. 2021ರಲ್ಲಿ ಇಡೀ ಜಿಲ್ಲೆಯನ್ನು ನೈಸರ್ಗಿಕ ಕೃಷಿಯ ಜಿಲ್ಲೆಯೆಂದು ಘೋಷಿಸಲಾಗಿದೆ.

ಕನ್ನಡಿಗರನ್ನು ತಡೆದು ನಿಲ್ಲಿಸುವ ಇನ್ನೊಂದು ಹೆಸರೂ ಇಲ್ಲಿದೆ. ಸುಬೀರ್ ಬಳಿಯ ಶಬರಿಧಾಮದ ಹತ್ತಿರ ಪಂಪಾ ಸರೋವರವಿದೆ. ಆನೆಗೊಂದಿಯ ಪಂಪಾ ಸರೋವರದಲ್ಲಿ ನಾವು ಕಾಣುವ ಶಬರಿಯನ್ನು ಡಾಂಗಿನ ಜನ ತಮ್ಮ ಮನೆಮಗಳೆಂದು ಪೂಜಿಸುತ್ತಾರೆ.

ನದಿಯ ಪಾಲು

ಪೂರ್ಣಾ, ಅಂಬಿಕಾ, ಖಾಪರಿ, ಗಿರಾ ನದಿಗಳು ಈ ಕಾಡಿನ ನೀರನ್ನು ಬಯಲಿಗೆ ಹೊತ್ತೊಯ್ಯುತ್ತವೆ. ಪಾರ್–ತಾಪಿ–ನರ್ಮದಾ ನದಿ ಜೋಡಣೆಗಾಗಿ ಡಾಂಗಿನೊಳಗೇ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ ಹಳ್ಳಿಗರು ಬೀದಿಗಿಳಿದರು. 2022ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಭೂಪೇಂದ್ರ ಪಟೇಲ್ ಅದನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಶರಾವತಿ, ಕಾಳಿಯ ನೀರಲ್ಲಿ ಊರು ಮುಳುಗಿದ್ದನ್ನು ಕಂಡ ನಮಗೆ ಆ ಹಳ್ಳಿಗರ ಆತಂಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೋಗುವವರಿಗೆ

ಅಹಮದಾಬಾದ್, ವಡೋದರಾಗಳಿಂದ ರೈಲಿನಲ್ಲಿ ಸೂರತ್ ಅಥವಾ ಬಿಲಿಮೋರಾಕ್ಕೆ ಬಂದು ಅಲ್ಲಿಂದ ರಸ್ತೆ ಹಿಡಿಯುವುದು ಸುಲಭ. ಸೂರತ್‌ನಿಂದ ಗಿರಿಧಾಮ ಸಾಪುತಾರಾಕ್ಕೆ ಸುಮಾರು 160 ಕಿ.ಮೀ. ಜಲಪಾತಕ್ಕೆ ಜುಲೈನಿಂದ ಸೆಪ್ಟೆಂಬರ್ ಸಕಾಲ: ವಘಯಿ ಬಳಿ ಗಿರಾ ಜಲಪಾತ, ಸಿಂಗಾಣಾ ಕಡೆ ಗಿರ್ಮಾಳ್. ಹಕ್ಕಿ ನೋಡುವವರಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಪೂರ್ಣಾದ ಮಹಾಲ್, ವಾಂಸದಾ ಬಳಿಯ ಕಿಲಾದ್ ಶಿಬಿರಗಳಲ್ಲಿ ಅರಣ್ಯ ಇಲಾಖೆಯ ವಸತಿಯಿದೆ. ಒಳಗೆ ಹೋಗಲು ಅನುಮತಿ ಬೇಕು, ಮೊದಲೇ ವಿಚಾರಿಸಿಕೊಳ್ಳಿ.

ಹೆಚ್ಚಿನವರು ಸಾಪುತಾರಾದ ಕೆರೆಯಲ್ಲಿ ದೋಣಿ ಸುತ್ತಿ ಅದೇ ಸಂಜೆ ಮರಳುತ್ತಾರೆ. ಹಾಗೆ ಮಾಡಬೇಡಿ. ಮಹಾಲ್‌ನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹಳ್ಳಿಯವರೊಬ್ಬರ ಜೊತೆ ಪೂರ್ಣಾ ದಂಡೆಯಲ್ಲಿ ನಡೆಯಿರಿ. ಅವರು ತೋರಿಸುವ ಮರಗಳಿಗೆ ಕನ್ನಡದ ಹೆಸರು ಹೇಳಿ. ಮತ್ತಿ ಮರದ ಹತ್ತಿರ ಬಂದಾಗ ಅವರು ಸಾದಡ್ ಎನ್ನುತ್ತಾರೆ, ನೀವು ಮತ್ತಿ ಎನ್ನುತ್ತೀರಿ. ಮೊಸಳೆಯ ಬೆನ್ನಿನಂಥ ಅದೇ ತೊಗಟೆಯ ಮೇಲೆ ಇಬ್ಬರೂ ಕೈಯಾಡಿಸಿರುತ್ತೀರಿ.